ಪದಕ್ಕಿಷ್ಟು ಪೈಸೆಯ ಕನ್ನಡ

ನಮ್ಮ ವಿಮರ್ಶೆ ಕಥೆ, ಕವಿತೆ, ಕಾದಂಬರಿಗಳನ್ನು ಬಿಟ್ಟು ಆಚೆ ಹೋಗುವುದು ಕಡಿಮೆ. ಹೋದರೂ ಆತ್ಮಕಥೆ, ಪ್ರವಾಸ ಕಥನ, ಅಂಕಣ ಬರಹ, ಅಲ್ಲಿಗೆ ನಿಲ್ಲುತ್ತದೆ. ಆದರೆ ನಮ್ಮ ಮನೆಗಳಲ್ಲಿ ದಿನ ಬೆಳಗಾದರೆ ಓದುವ ಕನ್ನಡ ಇವುಗಳಲ್ಲಿ ಯಾವುದೂ ಅಲ್ಲ. ಪುಣೆಯ ನಮ್ಮ ಮನೆಯಲ್ಲಿ ಅಮ್ಮ ಕಾಫಿ ಮುಗಿಸುವುದರೊಳಗೆ ಫೋನಿನಲ್ಲಿ ಮೂರು ಲೇಖನ ಓದಿರುತ್ತಾರೆ. ಮಂಡಿನೋವಿಗೆ ಏನು ಮಾಡಬೇಕು, ಹಿರಿಯ ನಾಗರಿಕರ ಠೇವಣಿಗೆ ಬಡ್ಡಿ ಎಷ್ಟು, ಕುಕ್ಕರಿನ ಗ್ಯಾಸ್ಕೆಟ್ ಎಷ್ಟು ದಿನಕ್ಕೆ ಬದಲಾಯಿಸಬೇಕು. ಒಂದಕ್ಕೂ ಬರೆದವರ ಹೆಸರಿರುವುದಿಲ್ಲ. ಅವುಗಳ ವಿಮರ್ಶೆಯನ್ನು ಎಲ್ಲಿಯೂ ಓದಿದ ನೆನಪು ನನಗಿಲ್ಲ. ಒಂದು ಸಾಧಾರಣ ಕಥಾಸಂಕಲನಕ್ಕೆ ನಾವು ನಾಲ್ಕು ಪುಟ ಖರ್ಚು ಮಾಡುತ್ತೇವೆ. ಔಷಧಿ ಹೇಗೆ ತೆಗೆದುಕೊಳ್ಳಬೇಕು ಎಂದು ಹೇಳುವ ಗದ್ಯಕ್ಕೆ ಒಂದು ಸಾಲನ್ನೂ ಕೊಡುವುದಿಲ್ಲ.

2021ರ ಮಳೆಗಾಲದಿಂದ ಹೆಚ್ಚುಕಡಿಮೆ ಎರಡು ವರ್ಷ ನಾನು ಈ ಗದ್ಯದ ಅಡುಗೆಮನೆಯಲ್ಲಿದ್ದೆ. ಕಂಪನಿಯಿಂದ ಲಿಖಿತ ಒಪ್ಪಿಗೆ ಪಡೆದು, ಶನಿವಾರ ಭಾನುವಾರಗಳಂದು ಒಂದು ಆನ್‌ಲೈನ್ ಕಂಟೆಂಟ್ ಏಜೆನ್ಸಿಗೆ ಕನ್ನಡದ ಫ್ರೀಲಾನ್ಸ್ ಸಂಪಾದಕನಾಗಿ ಕೆಲಸ ಮಾಡಿದೆ. ಏಜೆನ್ಸಿಯ ಹೆಸರು ಇಲ್ಲಿ ಬೇಡ. ಗುಟ್ಟು ಕಾಯುವ ಕರಾರಿಗೆ ಸಹಿ ಹಾಕಿದ್ದೇನೆ, ಮೇಲಾಗಿ ನನ್ನ ದೂರು ಒಂದು ಏಜೆನ್ಸಿಯದ್ದಲ್ಲ. ಕೆಳಗೆ ಕೊಡುವ ವಾಕ್ಯಗಳೂ ಹಾಗೆಯೇ: ಮಾತು ಬದಲಿಸಿದ್ದೇನೆ, ಕಾಯಿಲೆಯನ್ನು ಬದಲಿಸಿಲ್ಲ.

ಕೆಲಸ ನಡೆಯುವ ಕ್ರಮ ಹೀಗೆ. ಸಾಲ ಕೊಡುವ ಒಂದು ಆ್ಯಪ್, ಒಂದು ಆಸ್ಪತ್ರೆ, ಪಾತ್ರೆ ಮಾರುವ ಒಂದು ಅಂಗಡಿ: ಇಂಥ ಗ್ರಾಹಕರು ಏಜೆನ್ಸಿಗೆ ಆರ್ಡರ್ ಕೊಡುತ್ತಾರೆ. ಏಜೆನ್ಸಿಯಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ‘ಬ್ರೀಫ್’ ತಯಾರಿಸುತ್ತಾರೆ. ಶೀರ್ಷಿಕೆ ಏನಿರಬೇಕು, ಉಪಶೀರ್ಷಿಕೆ ಎಷ್ಟು, ಯಾವ ಕೀವರ್ಡ್ ಎಷ್ಟು ಸಲ ಬರಬೇಕು, ಕನಿಷ್ಠ ಎಷ್ಟು ಪದ. ಅದೇ ಬ್ರೀಫ್ ಹತ್ತು ಭಾಷೆಗಳಿಗೆ ಹೋಗುತ್ತದೆ. ಕನ್ನಡದ್ದು ಶಿವಮೊಗ್ಗದಲ್ಲೋ ಗದಗದಲ್ಲೋ ಕುಳಿತ ಒಬ್ಬ ಬರಹಗಾರರಿಗೆ ಬರುತ್ತದೆ. ಬರೆದದ್ದು ನನಗೆ ಬರುತ್ತದೆ. ನಾನು ತಿದ್ದಿದ್ದು ‘ಕ್ವಾಲಿಟಿ’ಯವರಿಗೆ ಹೋಗುತ್ತದೆ. ಬರೆದವರ ಜೊತೆ ನಾನು ಮಾತನಾಡುವಂತಿಲ್ಲ. ಏನಿದ್ದರೂ ಟಿಕೆಟ್‌ನಲ್ಲಿ ಬರೆಯಬೇಕು. ಅವರು ನನಗೊಂದು ಸಂಖ್ಯೆ, ನಾನು ಅವರಿಗೊಂದು ಸಂಖ್ಯೆ. ಎರಡು ವರ್ಷ ಒಟ್ಟಿಗೆ ಕೆಲಸ ಮಾಡಿದ ಒಬ್ಬ ಬರಹಗಾರ್ತಿ ಯಾವ ಕಡೆಯವರು ಎಂದು ನನಗೆ ತಿಳಿದದ್ದು ಅವರ ‘ಕೊದ್ದೆಲು’ ಎಂಬ ಪದದಿಂದ. ಕ್ವಾಲಿಟಿಯವರು ಅದನ್ನು ಅಕ್ಷರದೋಷ ಎಂದು ಗುರುತಿಸಿದ್ದರು.

ಇನ್ನು ಹಣ. ಬರಹಗಾರರಿಗೆ ಕನ್ನಡದ ಪದಕ್ಕೆ 25 ಪೈಸೆ, ನನಗೆ 15 ಪೈಸೆ. ಸಾವಿರ ಪದದ ಲೇಖನ ತಿದ್ದಿದರೆ 150 ರೂಪಾಯಿ. ಇಪ್ಪತ್ತು ನಿಮಿಷದಲ್ಲಿ ಮುಗಿಸಿದರೆ ಗಂಟೆಗೆ 450 ರೂಪಾಯಿ ಬಿತ್ತು. ಪ್ರತಿ ವಾಕ್ಯವನ್ನೂ ಇಂಗ್ಲಿಷ್ ಮೂಲದೊಡನೆ ಹೋಲಿಸಿ ಒಂದೂವರೆ ಗಂಟೆ ಕುಳಿತರೆ ಗಂಟೆಗೆ 100 ರೂಪಾಯಿ. ಪ್ರಾಜೆಕ್ಟ್ ಮ್ಯಾನೇಜರ್ ಆದ ನನಗೆ ಇದರ ಅರ್ಥ ಬೇಗ ಆಗುತ್ತದೆ. ಯಾವುದಕ್ಕೆ ಹಣ ಕೊಡುತ್ತೀರೋ ಅದು ಹೆಚ್ಚುತ್ತದೆ. ಕೋಡಿನ ಸಾಲುಗಳಿಗೆ ಲೆಕ್ಕ ಹಾಕಿ ಹಣ ಕೊಟ್ಟರೆ ಸಾಲುಗಳು ಹೆಚ್ಚುತ್ತವೆ, ಪ್ರೋಗ್ರಾಮ್ ಒಳ್ಳೆಯದಾಗುವುದಿಲ್ಲ. ಇದನ್ನು ನಮ್ಮ ಕಸುಬು ಬಹಳ ಹಿಂದೆಯೇ ಪೆಟ್ಟು ತಿಂದು ಕಲಿತಿದೆ.

ಪದದ ಲೆಕ್ಕ ಕನ್ನಡಕ್ಕೆ ಇನ್ನಷ್ಟು ಕೆಟ್ಟದ್ದು, ಏಕೆಂದರೆ ಪದ ಎಂಬುದು ಇಂಗ್ಲಿಷಿನಲ್ಲಿರುವ ಹಾಗೆ ಕನ್ನಡದಲ್ಲಿ ಇಲ್ಲ. ‘ಹೋಗಬೇಕಾಗಿತ್ತಲ್ಲವೇ’ ಎಂಬುದು ನಮಗೆ ಒಂದು ಪದ. ಅದನ್ನು ಇಂಗ್ಲಿಷಿಗೆ ತಂದರೆ ಐದಾರು ಪದ. ವಿಭಕ್ತಿ, ಕಾಲ, ನಿಷೇಧ, ಪ್ರಶ್ನೆ ಎಲ್ಲವನ್ನೂ ಬಾಲಕ್ಕೆ ಕಟ್ಟಿಕೊಂಡು ಓಡುವ ಭಾಷೆ ನಮ್ಮದು. ಚೆನ್ನಾಗಿ ಬರೆದ ಕನ್ನಡ ಇಂಗ್ಲಿಷಿಗಿಂತ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಆದರೆ ಬ್ರೀಫ್ ಮಾತ್ರ ಹತ್ತೂ ಭಾಷೆಗೆ ‘ಕನಿಷ್ಠ 1000 ಪದ’ ಎನ್ನುತ್ತದೆ. ಹೇಳಬೇಕಾದ್ದು 700 ಪದಕ್ಕೆ ಮುಗಿದರೆ ಉಳಿದ 300 ಎಲ್ಲಿಂದ ಬರಬೇಕು?

ಇಲ್ಲಿಂದ:

‘ನೀವು ನಿಮ್ಮ ಅರ್ಜಿಯನ್ನು ಸಲ್ಲಿಕೆ ಮಾಡುವ ಮೊದಲು ಬಡ್ಡಿ ದರ ಎಷ್ಟು ಇದೆ ಎಂಬುದರ ಬಗ್ಗೆ ವಿಚಾರಣೆಯನ್ನು ಮಾಡುವುದು ತುಂಬಾ ಮುಖ್ಯವಾಗಿದೆ.’

ಹದಿನಾರು ಪದ, ನಾಲ್ಕು ರೂಪಾಯಿ. ಇದನ್ನೇ ‘ಅರ್ಜಿ ಸಲ್ಲಿಸುವ ಮೊದಲು ಬಡ್ಡಿ ಎಷ್ಟೆಂದು ಕೇಳಿ’ ಎಂದರೆ ಆರು ಪದ, ಒಂದೂವರೆ ರೂಪಾಯಿ. ಹಾಗೆ ತಿದ್ದಿದರೆ ಬರಹಗಾರರ ಎರಡೂವರೆ ರೂಪಾಯಿ ಹೋಗುತ್ತದೆ, ನನ್ನದೂ ಒಂದೂವರೆ ರೂಪಾಯಿ ಹೋಗುತ್ತದೆ, ಲೇಖನ ಕನಿಷ್ಠ ಪದಸಂಖ್ಯೆಗಿಂತ ಕೆಳಗಿಳಿದು ವಾಪಸ್ ಬರುತ್ತದೆ. ‘ಬಳಸಿ’ ಎನ್ನುವ ಕಡೆ ‘ಬಳಕೆಯನ್ನು ಮಾಡಿ’, ‘ಪರೀಕ್ಷಿಸಿ’ ಎನ್ನುವ ಕಡೆ ‘ಪರೀಕ್ಷೆಯನ್ನು ನಡೆಸಿ’, ‘ಮುಖ್ಯ’ ಎನ್ನುವ ಕಡೆ ‘ಮುಖ್ಯವಾದ ಒಂದು ಅಂಶವಾಗಿದೆ’. ಇದನ್ನು ಓದಿ ‘ಇವತ್ತಿನ ಹುಡುಗರಿಗೆ ಕನ್ನಡ ಬರುವುದಿಲ್ಲ’ ಎಂದು ನಿಟ್ಟುಸಿರು ಬಿಡುವ ಹಿರಿಯರನ್ನು ನಾನು ಪುಣೆ, ಮುಂಬಯಿಯ ಸಭೆಗಳಲ್ಲಿ ಸಾಕಷ್ಟು ಕೇಳಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇದೇ ಹುಡುಗರು ಟಿಕೆಟ್‌ನಲ್ಲಿ ನನಗೆ ಬರೆಯುತ್ತಿದ್ದ ಕನ್ನಡ ಚೊಕ್ಕವಾಗಿರುತ್ತಿತ್ತು: ‘ಸರ್, ಇದಕ್ಕಿಂತ ಚಿಕ್ಕದು ಮಾಡಿದರೆ ವಾಪಸ್ ಕಳಿಸುತ್ತಾರೆ, ಹಾಗೇ ಬಿಡಿ.’ ಒಂದು ಪದ ಹೆಚ್ಚಿಲ್ಲ, ಏಕೆಂದರೆ ಇದಕ್ಕೆ ಪೈಸೆ ಇಲ್ಲ.

ಪದಸಂಖ್ಯೆಯ ನಂತರದ ಹಿಂಸೆ ಕೀವರ್ಡಿನದು. ಬ್ರೀಫಿನಲ್ಲಿ ‘ಮೈಸೂರು’ ಎಂದು ಕೊಟ್ಟು, ಎಂಟು ಸಲ ಬರಬೇಕು ಎಂದಿರುತ್ತದೆ. ಎಣಿಸುವುದು ಒಂದು ಪ್ರೋಗ್ರಾಮ್. ಬರಹಗಾರರು ಸಹಜವಾಗಿ ‘ಮೈಸೂರಿನಲ್ಲಿ’, ‘ಮೈಸೂರಿಗೆ’, ‘ಮೈಸೂರಿನ’ ಎಂದು ಬರೆಯುತ್ತಾರೆ. ಕಂಪ್ಯೂಟರಿಗೆ ‘ರು’ ಬೇರೆ, ‘ರಿ’ ಬೇರೆ. ಎಂಟು ಸಲ ಬರೆದರೂ ಎಣಿಕೆ ಸೊನ್ನೆ. ಲೇಖನ ವಾಪಸ್. ಎರಡನೇ ಸಲ ಬರುವಾಗ ಅದು ‘ಮೈಸೂರು ನಲ್ಲಿ ಬಾಡಿಗೆ ಮನೆ ಹುಡುಕುವುದು ಹೇಗೆ’ ಎಂದು ಬಂದಿರುತ್ತದೆ. ವಿಭಕ್ತಿ ಪ್ರತ್ಯಯ ಮನೆಯಿಂದ ಹೊರಗೆ ಹಾಕಿದ ಮುದುಕನ ಹಾಗೆ ಜಾಗ ಬಿಟ್ಟು ನಿಂತಿರುತ್ತದೆ. ಊರಿನ ಹೆಸರನ್ನು ಖಾಲಿ ಬಿಟ್ಟು ಅಚ್ಚು ಮಾಡಿದ ಟೆಂಪ್ಲೇಟುಗಳಲ್ಲಂತೂ ‘ಹಾಸನ ನಲ್ಲಿ’, ‘ಮಡಿಕೇರಿ ನಲ್ಲಿ’, ಎಲ್ಲಕ್ಕೂ ಒಂದೇ ‘ನಲ್ಲಿ’.

ಹಾಸನಕ್ಕೆ ‘ದ’ ಸೇರಬೇಕು, ಮಡಿಕೇರಿಗೆ ‘ಯ’, ಮೈಸೂರಿಗೆ ‘ಇನ’. ಶಾಲೆಗೆ ಹೋಗದ ಮಗುವೂ ಇದನ್ನು ತಪ್ಪಿಸುವುದಿಲ್ಲ. ಪ್ರೋಗ್ರಾಮ್ ಬರೆಯುವುದೂ ದೊಡ್ಡ ಮಾತಲ್ಲ. ಊರಿನ ಹೆಸರು ಯಾವ ಸ್ವರದಲ್ಲಿ ಮುಗಿಯುತ್ತದೆ ಎಂದು ನೋಡಿ ಮೂವತ್ತು ಸಾಲಿನಲ್ಲಿ ಮಾಡಬಹುದು. ನಾನೇ ಮಾಡಿ ಕಳಿಸಿದೆ. ‘ಬೇರೆ ಭಾಷೆಗಳಿಗೆ ಇದು ಬೇಕಾಗಿಲ್ಲವಲ್ಲ’ ಎಂಬ ಉತ್ತರ ಬಂತು. ನಿಜವಾಗಿ ಬೇಕಾಗಿತ್ತು. ಮರಾಠಿಯಲ್ಲಿ ‘ಪುಣೆ’ ಎಂಬುದು ‘ಪುಣ್ಯಾತ’ ಆಗುತ್ತದೆ. ಅದನ್ನು ತಿದ್ದುತ್ತಿದ್ದ ಮರಾಠಿ ಸಂಪಾದಕಿ ನನಗಿಂತ ಹೆಚ್ಚು ಸಿಟ್ಟಿನಲ್ಲಿದ್ದರು. ಇಂಗ್ಲಿಷಿಗೆ ಬೇಕಾಗಿರಲಿಲ್ಲ, ಅಷ್ಟೆ. ಅದರಲ್ಲಿ ಊರಿನ ಹೆಸರು ಎಲ್ಲಿ ನಿಂತರೂ ರೂಪ ಬದಲಿಸುವುದಿಲ್ಲ.

ಮೂರನೆಯದು ‘ಸರಳತೆಯ ಅಂಕ’. ಇದು ಸ್ವಲ್ಪ ತಮಾಷೆಯದು, ಲೆಕ್ಕ ಇಷ್ಟಪಡುವವರಿಗೆ ಹೇಳುತ್ತೇನೆ. 1948ರಲ್ಲಿ ರುಡಾಲ್ಫ್ ಫ್ಲೆಶ್ ಎಂಬಾತ ಇಂಗ್ಲಿಷ್ ಬರಹ ಓದಲು ಎಷ್ಟು ಸುಲಭ ಎಂದು ಅಳೆಯಲು ಒಂದು ಸೂತ್ರ ಕೊಟ್ಟ. 206.835 ಎಂಬ ಸಂಖ್ಯೆಯಿಂದ ಎರಡನ್ನು ಕಳೆಯಬೇಕು: ವಾಕ್ಯಕ್ಕೆ ಸರಾಸರಿ ಎಷ್ಟು ಪದ ಎಂಬುದರ 1.015 ಪಟ್ಟು, ಪದಕ್ಕೆ ಸರಾಸರಿ ಎಷ್ಟು ಉಚ್ಚಾರಖಂಡ ಎಂಬುದರ 84.6 ಪಟ್ಟು. 60ರಿಂದ 70 ಬಂದರೆ ಸರಳ ಇಂಗ್ಲಿಷ್. ಈಗ ಒಂದನೇ ತರಗತಿಯ ಕನ್ನಡ ವಾಕ್ಯ ತೆಗೆದುಕೊಳ್ಳಿ: ‘ಮಕ್ಕಳು ಮನೆಗೆ ಬಂದರು.’ ಮೂರು ಪದ, ಪ್ರತಿ ಪದಕ್ಕೂ ಮೂರು ಉಚ್ಚಾರಖಂಡ. ಲೆಕ್ಕ ಹಾಕಿದರೆ ಸೊನ್ನೆಗಿಂತ ಐವತ್ತು ಕೆಳಗೆ ಬರುತ್ತದೆ. ಈ ಸೂತ್ರದ ಕಣ್ಣಿನಲ್ಲಿ ನಮ್ಮ ಒಂದನೇ ತರಗತಿಯ ಮಗು ಬಾಯಿಬಿಟ್ಟು ಓದುವ ವಾಕ್ಯ ಇಂಗ್ಲಿಷಿನ ಕಾನೂನು ಪುಸ್ತಕಕ್ಕಿಂತ ಕಠಿಣ!

ಏಜೆನ್ಸಿಯ ಉಪಕರಣವೂ ಇದೇ ಜಾತಿಯದು. ಪದ ಉದ್ದವಾದಷ್ಟೂ ಕೆಂಪು ಬಣ್ಣ. ಬರಹಗಾರರು ಕೆಂಪನ್ನು ಹಸಿರು ಮಾಡಲು ಪದಗಳನ್ನು ಕತ್ತರಿಸುತ್ತಾರೆ. ಕತ್ತರಿಸಿದರೆ ಪದಸಂಖ್ಯೆಯೂ ಹೆಚ್ಚುತ್ತದೆ, ಒಂದೇ ಕಲ್ಲಿಗೆ ಎರಡು ಹಕ್ಕಿ. ಆದರೆ ಕನ್ನಡದ ಪದವನ್ನು ಎಲ್ಲಿ ಬೇಕೆಂದರಲ್ಲಿ ಕತ್ತರಿಸಿದರೆ ಅರ್ಥವೂ ತುಂಡಾಗುತ್ತದೆ. ಒಂದು ಲೇಖನದಲ್ಲಿ ‘ಮುಂಗಡ ಹಣವನ್ನು ಮರಳಿಸಲಾಗುವುದಿಲ್ಲ’ ಎಂದಿತ್ತು. ಹಸಿರಾಗಿ ಬಂದಾಗ ‘ಮುಂಗಡ ಹಣವನ್ನು ಮರಳಿಸಲು ಆಗುವುದಿಲ್ಲ’ ಎಂದಾಗಿತ್ತು. ಮೊದಲನೆಯದು ನಿಯಮ: ಕೊಡುವುದಿಲ್ಲ ಎಂದರೆ ಕೊಡುವುದಿಲ್ಲ. ಎರಡನೆಯದು ಅಸಹಾಯಕತೆ: ಕೈಲಾಗುತ್ತಿಲ್ಲ, ಏನೋ ತೊಂದರೆ ಇರಬೇಕು, ಒಂದು ಫೋನ್ ಮಾಡಿ ಕೇಳಿದರೆ ಕೊಟ್ಟಾರು ಎಂಬ ಆಸೆ ಹುಟ್ಟಿಸುತ್ತದೆ. ಮನೆ ಬಾಡಿಗೆಗೆ ಮುಂಗಡ ಕಟ್ಟಿ ಕಳೆದುಕೊಂಡವರಿಗೆ ಈ ವ್ಯತ್ಯಾಸ ವ್ಯಾಕರಣದ್ದಲ್ಲ.

ಹಾಗೆ ನೋಡಿದರೆ ‘ಲಾಗಿದೆ, ಲಾಗುವುದು’ಗಳ ಮೊದಲ ರೂಪವನ್ನೂ ನಾನು ಮೆಚ್ಚುವುದಿಲ್ಲ. ಅದು ಕಚೇರಿಯಿಂದ ಬಂದ ಕನ್ನಡ. ‘ಶುಲ್ಕವನ್ನು ವಿಧಿಸಲಾಗಬಹುದು’ ಎಂದರೆ ಯಾರು ವಿಧಿಸುತ್ತಾರೆ, ಯಾವಾಗ, ಎಷ್ಟು? ಇಂಗ್ಲಿಷ್ ಮೂಲದಲ್ಲಿಯೇ ಅದನ್ನು ಮರೆಮಾಡಿರುತ್ತಾರೆ, ನಾವು ನಿಷ್ಠೆಯಿಂದ ಕನ್ನಡದಲ್ಲಿಯೂ ಮರೆಮಾಡುತ್ತೇವೆ. ‘ಬಹುದು’ ಎಂಬುದಕ್ಕೆ ನಮ್ಮಲ್ಲಿ ಎರಡು ಮುಖ: ಸಾಧ್ಯತೆ ಮತ್ತು ಅನುಮತಿ. ‘ರೋಗಿಗಳು ಎರಡು ಮಾತ್ರೆ ತೆಗೆದುಕೊಳ್ಳಬಹುದು’ ಎಂದು ಆರೋಗ್ಯ ಲೇಖನದಲ್ಲಿ ಬರೆದರೆ, ಕೆಲವರು ಹಾಗೆ ತೆಗೆದುಕೊಳ್ಳುವುದುಂಟು ಎಂಬ ಅರ್ಥದಲ್ಲಿ ಬರೆದದ್ದು, ಓದುವವರಿಗೆ ‘ತೆಗೆದುಕೊಳ್ಳಿ, ಪರವಾಗಿಲ್ಲ’ ಎಂದು ಕೇಳಿಸುತ್ತದೆ.

ಔಷಧಿಯ ಮಾತು ಬಂತು. ಎರಡು ವರ್ಷದಲ್ಲಿ ನಾನು ಅತ್ಯಂತ ಜೋರಾಗಿ ಜಗಳವಾಡಿದ್ದು ಒಂದು ಪದಕ್ಕಾಗಿ. ಸಂಧಿವಾತದ ಬಗ್ಗೆ ಆಸ್ಪತ್ರೆಯೊಂದಕ್ಕೆ ಬರೆದ ಲೇಖನ. ಅದರಲ್ಲಿ ಮೆಥೊಟ್ರೆಕ್ಸೇಟ್ ಎಂಬ ಔಷಧಿಯ ಪ್ರಸ್ತಾಪವಿತ್ತು. ಸಂಧಿವಾತಕ್ಕೆ ಈ ಮಾತ್ರೆಯನ್ನು ವಾರಕ್ಕೊಂದು ದಿನ ಮಾತ್ರ ಕೊಡುತ್ತಾರೆ. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಕನ್ನಡದಲ್ಲಿ ‘ಸಾಪ್ತಾಹಿಕ ಪ್ರಮಾಣದಲ್ಲಿ ನೀಡಲಾಗುತ್ತದೆ’ ಎಂದು ಬಂದಿತ್ತು. ವ್ಯಾಕರಣ ಸರಿ, ಕೀವರ್ಡ್ ಸರಿ, ಅಂಕ ಹಸಿರು. ಆದರೆ ಸಾಪ್ತಾಹಿಕ ಎಂದರೆ ನಮ್ಮ ಜನಕ್ಕೆ ಭಾಗವತ ಸಪ್ತಾಹ ನೆನಪಾದೀತು, ಇಲ್ಲವೇ ವಾರಪತ್ರಿಕೆ. ಭಾಗವತ ಸಪ್ತಾಹ ಏಳು ದಿನವೂ ನಡೆಯುವಂಥದು! ಒಂದು ವಾರದ ಪ್ರಮಾಣವನ್ನು ಏಳು ದಿನಕ್ಕೆ ಹಂಚಿಕೊಳ್ಳಬೇಕು ಎಂದು ಯಾರಾದರೂ ಓದಿಕೊಂಡರೆ ಅದು ಓದಿದವರ ದಡ್ಡತನವಲ್ಲ. ನಾನು ‘ವಾರದಲ್ಲಿ ಒಂದೇ ದಿನ, ದಿನವೂ ತೆಗೆದುಕೊಳ್ಳಬಾರದು’ ಎಂದು ತಿದ್ದಿದೆ. ಕ್ವಾಲಿಟಿಯಿಂದ ಟಿಕೆಟ್ ಬಂತು: ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದ್ದೀರಿ, ಒಂದು ಅಂಕ ಕಡಿತ. ನಾನು ಮರಳಿಸಲಿಲ್ಲ. ಮೂರು ದಿನ ಟಿಕೆಟ್ ತೆರೆದೇ ಇತ್ತು. ಕೊನೆಗೆ ಆಸ್ಪತ್ರೆಯ ಔಷಧ ವಿಭಾಗದ ಒಬ್ಬರಿಗೆ ವಿಷಯ ತಲುಪಿ, ಅವರು ಕನ್ನಡದ ಸಾಲು ಉಳಿಸಿಕೊಂಡು ಇಂಗ್ಲಿಷ್ ಲೇಖನದಲ್ಲಿಯೂ ಅದನ್ನು ಸೇರಿಸಿದರು. ಕಡಿತವಾದ ಅಂಕ ಮಾತ್ರ ವಾಪಸ್ ಬರಲಿಲ್ಲ. ಸಣ್ಣ ಮೊತ್ತ, ಆದರೆ ನನಗೆ ಇವತ್ತಿಗೂ ನೆನಪಿದೆ.

ಇದೇ ಜಾತಿಯ ಇನ್ನೊಂದು: ‘ಪ್ರತಿ ಇತರ ದಿನ’. ಇಂಗ್ಲಿಷಿನಿಂದ ಪದಕ್ಕೆ ಪದ ಇಟ್ಟದ್ದು. ನಮ್ಮ ಅಜ್ಜಿಯರು ‘ದಿನ ಬಿಟ್ಟು ದಿನ’ ಎನ್ನುತ್ತಿದ್ದರು, ಎಣ್ಣೆ ಹಚ್ಚುವುದಕ್ಕೂ ಹಾಗೆ, ಕಷಾಯ ಕುಡಿಯುವುದಕ್ಕೂ ಹಾಗೆ. ಮೂರು ಪದ ಇಲ್ಲಿಯೂ, ಮೂರು ಪದ ಅಲ್ಲಿಯೂ. ಪೈಸೆ ಕೂಡ ಅಷ್ಟೇ. ಹಾಗಾದರೆ ಬರಹಗಾರರಿಗೆ ಏಕೆ ಹೊಳೆಯಲಿಲ್ಲ? ಇಪ್ಪತ್ತನಾಲ್ಕು ಗಂಟೆಯಲ್ಲಿ ನಾಲ್ಕು ಲೇಖನ ಮುಗಿಸಬೇಕಾದವರು ವಾಕ್ಯವನ್ನು ಕಿವಿಯಿಂದ ಕೇಳುವುದಿಲ್ಲ, ಕಣ್ಣಿನಿಂದ ತುಂಬಿಸುತ್ತಾರೆ. ಅದನ್ನು ಕೇಳಿಸಿಕೊಳ್ಳಬೇಕಾದ ಕೊನೆಯ ಮನುಷ್ಯ ಸಂಪಾದಕ. ಅವನಿಗೆ ಕೊಡುವ ಹಣವೂ ಕೇಳಿಸಿಕೊಳ್ಳುವುದಕ್ಕಲ್ಲ, ದಾಟಿಸುವುದಕ್ಕೆ.

ಅಡುಗೆ ಲೇಖನಗಳಲ್ಲಿ ಈ ಕಿವುಡು ಬೇಗ ಗೊತ್ತಾಗುತ್ತದೆ. ‘ಸಾಸಿವೆ ಬೀಜಗಳನ್ನು ಸೇರಿಸಿ ಮತ್ತು ಅವು ಸಿಡಿಯಲು ಬಿಡಿ ಮತ್ತು ನಂತರ ಕರಿಬೇವಿನ ಎಲೆಗಳನ್ನು ಸೇರಿಸಿ.’ ಯಾವ ಅಡುಗೆಮನೆಯಲ್ಲಿ ಯಾರು ಸಾಸಿವೆಗೆ ‘ಬೀಜಗಳು’ ಅನ್ನುತ್ತಾರೆ? ‘ಸಾಸಿವೆ ಸಿಡಿದ ಮೇಲೆ ಕರಿಬೇವು ಹಾಕಿ’ ಎಂದರೆ ಸಾಕು. ‘ಒಗ್ಗರಣೆ ಕೊಡಿ’ ಎಂದರೆ ಇನ್ನೂ ಚೆನ್ನ. ‘ಮತ್ತು’ ಎಂಬ ಈ ಪದ ಕಂಟೆಂಟ್ ಕನ್ನಡದ ಮೊಳೆ. ಎಲ್ಲೆಲ್ಲಿ ಎರಡು ಹಲಗೆ ಸೇರಬೇಕೋ ಅಲ್ಲೆಲ್ಲ ಅದನ್ನೇ ಹೊಡೆಯುತ್ತಾರೆ. ಕನ್ನಡಕ್ಕೆ ಮೊಳೆಯಿಲ್ಲದೆ ಸೇರಿಸುವುದು ಗೊತ್ತು: ಹಾಕಿ, ಕಲಸಿ, ಮುಚ್ಚಿಟ್ಟು, ಇಳಿಸಿದರೆ ಆಯಿತು. ಎರಡು ನಾಮಪದಗಳಾದರೆ ‘ಉಪ್ಪೂ ಹುಳಿಯೂ’. ಆದರೂ ಎಲ್ಲ ವಿಭಾಗಗಳಲ್ಲಿ ಅಡುಗೆಯ ವಿಭಾಗವೇ ನನ್ನ ಪ್ರಕಾರ ಉತ್ತಮ. ಬರೆಯುವವರಿಗೆ ವಿಷಯ ಕೈಯಲ್ಲಿ ಗೊತ್ತು, ಆಗಾಗ ಬ್ರೀಫನ್ನು ಮರೆತುಬಿಡುತ್ತಾರೆ. ಅತ್ಯಂತ ಕೆಟ್ಟದ್ದು ಹಣಕಾಸು. ಅಲ್ಲಿ ಬ್ರೀಫ್ ಬರೆದವರಿಗೂ ಏನನ್ನೂ ನೇರವಾಗಿ ಹೇಳುವ ಇಚ್ಛೆ ಇರುವುದಿಲ್ಲ. ಪ್ರವಾಸದ ಲೇಖನಗಳ ಬಗ್ಗೆ ಹೇಳುವುದಕ್ಕೇನಿಲ್ಲ. ಎಲ್ಲ ಜಲಪಾತವೂ ‘ರಮಣೀಯ’, ಎಲ್ಲ ಬೆಟ್ಟವೂ ‘ಚಾರಣಿಗರ ಸ್ವರ್ಗ’.

ಇಂಗ್ಲಿಷಿನಿಂದ ತರುವುದೇ ತಪ್ಪು ಎಂದು ನಾನು ಹೇಳುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಮಾಹಿತಿಯನ್ನು ಹೊರಗಿನಿಂದ ತಂದು ಕನ್ನಡದಲ್ಲಿ ಕೊಡುವ ಕಸುಬಿಗೆ ನಮ್ಮಲ್ಲಿ ದೊಡ್ಡ ಮನೆತನವಿದೆ. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಇಂಗ್ಲಿಷಿನ ಡೈಜೆಸ್ಟ್ ಪತ್ರಿಕೆಗಳ ಮಾದರಿಯದೇ. ಅದನ್ನು ಕಟ್ಟಿದ ಪಾ.ವೆಂ. ಆಚಾರ್ಯರು ಉಡುಪಿ ಕಡೆಯವರು. ಹುಬ್ಬಳ್ಳಿಯಲ್ಲಿ ಕುಳಿತು ಇಡೀ ಕರ್ನಾಟಕಕ್ಕೆ ತಿಳಿಯುವ ಗದ್ಯವೊಂದನ್ನು ತಿಂಗಳು ತಿಂಗಳೂ ಹದ ಮಾಡಿದವರು. ಪದಗಳ ಹುಟ್ಟು ಬೆಳವಣಿಗೆಯ ಮೇಲೆ ಅವರು ಬರೆದ ‘ಪದಾರ್ಥ ಚಿಂತಾಮಣಿ’ಯನ್ನು ಇವತ್ತು ತೆರೆದರೂ, ಸಂಪಾದಕನೊಬ್ಬ ಪ್ರತಿ ಪದದ ಮೇಲೆ ಎಷ್ಟು ಹೊತ್ತು ಕುಳಿತಿರಬಲ್ಲ ಎಂದು ಗೊತ್ತಾಗುತ್ತದೆ. ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ಸಂಪುಟಗಳನ್ನು ಬರೆದಾಗ ಮಾಹಿತಿ ಬಂದದ್ದು ಬಹುಪಾಲು ಇಂಗ್ಲಿಷಿನಿಂದಲೇ. ಬಿ.ಜಿ.ಎಲ್. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ನಮ್ಮ ಹಾಗೆ ಹೊರನಾಡಿನಲ್ಲಿದ್ದವರು. ಅವರ ‘ಹಸುರು ಹೊನ್ನು’ ಗಿಡಮರಗಳ ಮಾಹಿತಿಯ ಪುಸ್ತಕ. 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಮಾಹಿತಿ ಗದ್ಯವನ್ನು ಸಾಹಿತ್ಯ ಎಂದು ಓದುವ ಧೈರ್ಯ ಆಗ ಇತ್ತು.

ಈ ಹೋಲಿಕೆ ಅನ್ಯಾಯದ್ದು ಎಂದು ನೀವು ಹೇಳಬಹುದು. ಕಾರಂತರೆಲ್ಲಿ, ಪದಕ್ಕೆ 25 ಪೈಸೆಯ ಪದವಿ ವಿದ್ಯಾರ್ಥಿ ಎಲ್ಲಿ! ನಾನು ಹೋಲಿಸುತ್ತಿರುವುದು ಪ್ರತಿಭೆಯನ್ನಲ್ಲ, ಕೆಲಸದ ಏರ್ಪಾಟನ್ನು. ಆಚಾರ್ಯರ ಮೇಜಿಗೆ ಬಂದ ಲೇಖನವನ್ನು ಅವರು ಅರ್ಧಕ್ಕಿಳಿಸಿದರೆ ಪತ್ರಿಕೆಗೆ ಲಾಭ, ಇನ್ನೊಂದು ಲೇಖನಕ್ಕೆ ಜಾಗ ಸಿಗುತ್ತಿತ್ತು. ನಾನು ಅರ್ಧಕ್ಕಿಳಿಸಿದರೆ ಎಲ್ಲರಿಗೂ ನಷ್ಟ. ಅಚ್ಚಿನ ಕಾಲದಲ್ಲಿ ಕಾಗದ ದುಬಾರಿ, ಆದ್ದರಿಂದ ಸಂಕ್ಷೇಪ ಗುಣ. ಪರದೆಗೆ ಕೊನೆಯಿಲ್ಲ, ಆದ್ದರಿಂದ ಉದ್ದವೇ ಗುಣ. ಓದುಗನ ಮಾತೂ ಹಾಗೆಯೇ. ‘ಪ್ರಜಾವಾಣಿ’ಯಲ್ಲಿ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಬರುತ್ತಿದ್ದಾಗ, ಒಂದು ಪದ ಸರಿಯೇ ತಪ್ಪೇ ಎಂದು ಯಾವುದೋ ಹಳ್ಳಿಯ ಮೇಷ್ಟರು ಕಾರ್ಡು ಬರೆದು ಕೇಳಬಹುದಿತ್ತು, ಉತ್ತರ ಬರುತ್ತಿತ್ತು. ‘ಪ್ರತಿ ಇತರ ದಿನ’ ಎಂದರೇನು ಎಂದು ನಮ್ಮ ಅಮ್ಮ ಯಾರನ್ನು ಕೇಳಬೇಕು? ಲೇಖನದ ಕೆಳಗೆ ಹೆಸರೇ ಇಲ್ಲ.

ಏಜೆನ್ಸಿಯ ಪರವಾಗಿಯೂ ಹೇಳಬೇಕಾದ್ದಿದೆ. ಸಣ್ಣ ಊರಿನಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಿ ಮನೆಯಲ್ಲಿ ಕುಳಿತೇ ತಿಂಗಳಿಗೆ ಐದಾರು ಸಾವಿರ ದುಡಿಯುವ ಹೆಣ್ಣುಮಕ್ಕಳಿಗೆ, ಕನ್ನಡ ಎಂ.ಎ. ಮಾಡಿ ಅತಿಥಿ ಉಪನ್ಯಾಸಕ ಹುದ್ದೆಗೆ ಕಾಯುತ್ತಿರುವ ಹುಡುಗರಿಗೆ ಕನ್ನಡ ಬಲ್ಲೆ ಎಂಬ ಒಂದೇ ಕಾರಣಕ್ಕೆ ಕೆಲಸ ಕೊಟ್ಟದ್ದು ಇವರೇ. ಹಣ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಇದನ್ನು ಎಷ್ಟು ಕನ್ನಡ ಪ್ರಕಾಶಕರ ಬಗ್ಗೆ ಹೇಳಲು ಸಾಧ್ಯ? ಇಂಗ್ಲಿಷ್ ಪದ ಬಳಸಿದ್ದಕ್ಕೂ ನನ್ನ ತಕರಾರಿಲ್ಲ. ಠೇವಣಿಗೆ ‘ಎಫ್‌ಡಿ’ ಎಂದರೆ ನನ್ನ ಊರಿನ ರೈತರಿಗೂ ಅರ್ಥವಾಗುತ್ತದೆ. ಅಚ್ಚಗನ್ನಡದ ಹಟ ಹಿಡಿದವರು ಬರೆದ ಕೆಲವು ಲೇಖನಗಳು ಬ್ರೀಫಿನ ಕನ್ನಡಕ್ಕಿಂತ ನನ್ನನ್ನು ಹೆಚ್ಚು ಗೋಳು ಹೊಯ್ದುಕೊಂಡಿವೆ.

ಎರಡನೇ ವರ್ಷದ ಕೊನೆಗೆ ಕೆಲಸದ ಹೆಸರು ಬದಲಾಯಿತು. ಸಂಪಾದನೆ ಹೋಗಿ ‘ಪೋಸ್ಟ್ ಎಡಿಟಿಂಗ್’ ಬಂತು. ಬರಹಗಾರರ ಜಾಗದಲ್ಲಿ ಅನುವಾದ ಯಂತ್ರ. ನನ್ನ ದರ 15ರಿಂದ 8 ಪೈಸೆಗೆ ಇಳಿಯಿತು, ಏಕೆಂದರೆ ‘ಈಗ ಕೆಲಸ ಸುಲಭ’. ಯಂತ್ರದ ಕನ್ನಡ ಮೊದಲ ನೋಟಕ್ಕೆ ಮನುಷ್ಯರದ್ದಕ್ಕಿಂತ ನಯವಾಗಿದೆ ಎಂಬುದನ್ನು ಒಪ್ಪುತ್ತೇನೆ. ವಿಭಕ್ತಿಗಳು ಸರಿಯಾಗಿ ಅಂಟಿರುತ್ತವೆ. ಅದಕ್ಕೇ ಅದು ಹೆಚ್ಚು ಕಷ್ಟ. ಮನುಷ್ಯರ ತಪ್ಪು ಎದ್ದು ಕಾಣುತ್ತದೆ, ಯಂತ್ರದ ತಪ್ಪು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತದೆ. ಮೇಲಾಗಿ ಯಂತ್ರ ಕನ್ನಡ ಕಲಿಯುವುದು ಅಂತರ್ಜಾಲದಲ್ಲಿ ಬಿದ್ದಿರುವ ಕನ್ನಡದಿಂದ. ಅದರಲ್ಲಿ ನಾವು ಪೈಸೆಗೆ ಉಬ್ಬಿಸಿದ ‘ತುಂಬಾ ಮುಖ್ಯವಾಗಿದೆ’ಗಳೂ ಸೇರಿವೆ. ಅದು ‘ಬಳಕೆಯನ್ನು ಮಾಡಿ’ ಎಂದು ಬರೆದಾಗ ನನಗೆ ನಮ್ಮ ಹಳೆಯ ಬರಹಗಾರರ ದನಿ ಕೇಳಿಸುತ್ತಿತ್ತು. ಅವರಿಗಾದರೂ ಪದಕ್ಕೆ 25 ಪೈಸೆಯ ಕಾರಣವಿತ್ತು. ಯಂತ್ರಕ್ಕೆ ಆ ಕಾರಣವೂ ಇಲ್ಲದೆ ಅಭ್ಯಾಸ ಮಾತ್ರ ಉಳಿದಿದೆ. ಆ ದರದಲ್ಲಿ ಮೂರು ತಿಂಗಳು ಮಾಡಿ ಬಿಟ್ಟೆ.

ಬಿಡುವ ಮೊದಲು ಬಂದ ಮನುಷ್ಯ ಬರಹಗಳಲ್ಲಿ ಕೊನೆಯ ಕೆಲವದರಲ್ಲಿ ಒಂದು ಅಪ್ಪೆಮಿಡಿಯ ಬಗ್ಗೆ ಇತ್ತು, ಉಪ್ಪಿನಕಾಯಿ ಮಾರುವ ಗ್ರಾಹಕರೊಬ್ಬರಿಗೆ. ಬರೆದವರು ಆ ‘ಕೊದ್ದೆಲು’ವಿನ ಬರಹಗಾರ್ತಿ. ಹೊಳೆದಂಡೆಯ ಮರಗಳಿಂದ ಮಿಡಿಯನ್ನು ನೆಲಕ್ಕೆ ಬೀಳಿಸದೆ ಇಳಿಸುವುದು, ತೊಟ್ಟು ಮುರಿದು ಸೊನೆಯ ಪರಿಮಳ ನೋಡುವುದು, ಉಪ್ಪಿನಲ್ಲಿ ಹಾಕಿಟ್ಟು ಮಿಡಿ ಚಿರುಟುವವರೆಗೆ ಕಾಯುವುದು, ಆಮೇಲೆ ಸಾಸಿವೆ ಮೆಣಸಿನ ಖಾರ ಕೂಡಿಸುವುದು. 640 ಪದ. ‘ಮತ್ತು’ ಒಂದೇ ಕಡೆ, ಅದೂ ಬೇಕಾದ ಕಡೆ. ಉಪಕರಣದಲ್ಲಿ ಆರಂಭದಿಂದ ಕೊನೆಯವರೆಗೆ ಕೆಂಪು. ನಾನು ಒಂದಕ್ಷರವನ್ನೂ ಮುಟ್ಟದೆ ಮುಂದಕ್ಕೆ ಕಳಿಸಿದೆ. ‘ಸಂಪಾದಕರು ಶೂನ್ಯ ತಿದ್ದುಪಡಿ ಮಾಡಿದ್ದಾರೆ, ಕಾರಣ ನಮೂದಿಸಿ’ ಎಂದು ಟಿಕೆಟ್ ಬಂತು. ‘ಓದಿ ನೋಡಿ’ ಎಂದು ಬರೆದೆ. ಎರಡು ದಿನದ ನಂತರ ಪ್ರಕಟವಾಯಿತು, ಶೀರ್ಷಿಕೆಯೊಂದನ್ನು ಬದಲಿಸಿದ್ದರು: ‘ಅಪ್ಪೆಮಿಡಿ ಉಪ್ಪಿನಕಾಯಿ: ನೀವು ತಿಳಿದಿರಲೇಬೇಕಾದ 7 ಅದ್ಭುತ ಸಂಗತಿಗಳು’. ಲೇಖನದಲ್ಲಿ ಸಂಗತಿಗಳನ್ನು ಎಣಿಸಿ ಬರೆದೇ ಇರಲಿಲ್ಲ. ಕುತೂಹಲಕ್ಕೆ ನಾನು ಎಣಿಸಿ ನೋಡಿದೆ, ಹನ್ನೊಂದು ಇದ್ದವು. ಹೊಟ್ಟೆ ಒಳಗಿನದನ್ನು ಅವರು ಓದಿರಲಿಲ್ಲವಾದ್ದರಿಂದ ಅದು ಬರೆದ ಹಾಗೆಯೇ ಉಳಿದುಕೊಂಡಿದೆ.